ಹಳೇ ಪಿಕ್ಚರನ್ನು ಹೊಸದಾಗಿ ನೋಡುವವರಿಗೆ

(ಕಲಬುರಗಿಯಲ್ಲಿ ವಿದ್ಯಾರ್ಥಿಗಳು ಮತ್ತು ಸಿನಿಮಾ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ)

‘ಶೋಲೆ’ ನೋಡಿದ್ದೀರಾ ಅಂತ ಕೇಳಿದರೆ ಈ ಊರಿನಲ್ಲಿ ಇಲ್ಲ ಎನ್ನುವವರು ಸಿಗುವುದು ಕಷ್ಟ. ಶುರುವಿನಿಂದ ಕೊನೆಯವರೆಗೆ ಒಂದೇ ಸಲಕ್ಕೆ ಕೂತು ನೋಡಿದ್ದೀರಾ ಅಂತ ಕೇಳಿ. ಹುಡುಗರಲ್ಲಿ ಹೆಚ್ಚಿನವರು ಸುಮ್ಮನಾಗುತ್ತಾರೆ. ಟಿವಿಯಲ್ಲಿ ಅರ್ಧ ನೋಡಿರುತ್ತಾರೆ, ಮೊಬೈಲಿನಲ್ಲಿ ತುಣುಕು ನೋಡಿರುತ್ತಾರೆ. ಡೈಲಾಗುಗಳಂತೂ ಅಪ್ಪ, ಕಾಕಾ ಹೇಳಿದ್ದನ್ನು ಕೇಳಿಯೇ ಬಾಯಿಪಾಠ ಆಗಿರುತ್ತವೆ. ಪಿಕ್ಚರ್ ಮಾತ್ರ ನೋಡಿರುವುದಿಲ್ಲ.

ಇದನ್ನು ಹೇಳಿಕೊಳ್ಳಲು ಅವರಿಗೆ ಮುಜುಗರ. ಒಬ್ಬ ಹುಡುಗ ಬಂದು, "ಸರ್, ಎಲ್ಲಾರೂ ನೋಡ್ಯಾರ, ನಾ ಒಬ್ಬವ್ನೇ ನೋಡಿಲ್ಲ" ಅಂದ. ನಾನು ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಈ ಕೋಣೆಯಲ್ಲಿ ಎಲ್ಲರಿಗಿಂತ ಒಳ್ಳೆಯ ಜಾಗದಲ್ಲಿ ಕೂತಿರುವವನು ಅವನೇ. 1975ರ ಆಗಸ್ಟ್ 15ರಂದು ಟಾಕೀಸಿಗೆ ಹೋದವರ ಮುಂದೆ ಏನಿತ್ತೋ ಅದು ಅವನ ಮುಂದೆ ಇನ್ನೂ ಹಾಗೇ ಇದೆ. ಸಿನಿಮಾ ಹಳೆಯದು, ನೋಡುವ ಕಣ್ಣು ಹೊಸದು. ಇದಕ್ಕಿಂತ ಒಳ್ಳೆಯ ಅನುಕೂಲ ಇನ್ನೇನು ಬೇಕು?

ಅವನು ಆಮೇಲೆ ಪೂರ್ತಿ ನೋಡಿದ. ಗಬ್ಬರ್ ಬಗ್ಗೆ ಅವನು ಏನೂ ಹೇಳಲಿಲ್ಲ. ಅದು ಅವನಿಗೆ ಮೊದಲೇ ಗೊತ್ತಿತ್ತಲ್ಲ. ಅವನು ಹೇಳಿದ್ದು ಸದ್ದಿನ ಬಗ್ಗೆ. ಠಾಕೂರನ ಮನೆಯವರನ್ನು ಕೊಂದ ದೃಶ್ಯದಲ್ಲಿ ಕೇಳುವ ಜೋಕಾಲಿಯ ಕಿರಗುಟ್ಟುವ ಸದ್ದು. ಹೆಣಗಳ ಮೇಲೆ ಹೊದಿಸಿದ ಬಿಳಿ ಬಟ್ಟೆಯನ್ನು ಗಾಳಿ ಎತ್ತಿ ಒಯ್ಯುವುದು. ಇನ್ನೊಂದು, ಸಂಜೆ ಹೊತ್ತು ವಿಧವೆ ಸೊಸೆ ಒಂದೊಂದೇ ದೀಪ ಸಣ್ಣದು ಮಾಡುತ್ತಾ ಹೋಗುವಾಗ ಆಚೆ ಕೂತ ಜೈ ಬಾರಿಸುವ ಮೌತ್ ಆರ್ಗನ್. ಇವು ಯಾವುವೂ ಡೈಲಾಗುಗಳಲ್ಲ. ಹಾಗಾಗಿ ಯಾರ ಬಾಯಿಂದಲೂ ಅವನ ಕಿವಿಗೆ ಬಿದ್ದಿರಲಿಲ್ಲ. ಎಷ್ಟೇ ಪ್ರಸಿದ್ಧ ಸಿನಿಮಾ ಇರಲಿ, ಅದರಲ್ಲಿ ಜನ ಹೇಳಿ ಮುಗಿಸಲಾಗದ ಭಾಗ ಒಂದು ಉಳಿದೇ ಇರುತ್ತದೆ. ಮೊದಲ ಸಲ ನೋಡುವವರು ಹುಡುಕಬೇಕಾದ್ದು ಆ ಭಾಗವನ್ನು.

ಆ ಬಂಡೆಗಳೆಲ್ಲ ನಮ್ಮ ರಾಮನಗರದವು ಅಂತ ನಿಮಗೆ ಗೊತ್ತೇ ಇದೆ. ಜಾಸ್ತಿ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಮೊದಲು ತೆಗೆದ ಕೊನೆಯಲ್ಲಿ ಠಾಕೂರನೇ ಗಬ್ಬರ್‌ನನ್ನು ಕೊಲ್ಲುತ್ತಾನೆ. ಆಗ ತುರ್ತು ಪರಿಸ್ಥಿತಿ. ಸೆನ್ಸಾರಿನವರು ಒಪ್ಪಲಿಲ್ಲ. ಪೊಲೀಸರು ಬಂದು ಹಿಡಿದುಕೊಂಡು ಹೋಗುವ ಹಾಗೆ ಬದಲಾಯಿಸಿ ಬಿಡುಗಡೆ ಮಾಡಿದರು. ಮೂಲ ಕೊನೆ ಇರುವ ಪ್ರತಿಯನ್ನು ಸರಿಪಡಿಸಿ 2025ರಲ್ಲಿ ತೋರಿಸಿದ್ದಾರೆ. ಅಂದರೆ ಐವತ್ತು ವರ್ಷದಿಂದ ನೋಡುತ್ತಾ ಬಂದವರಿಗೂ ಅದರಲ್ಲಿ ಇನ್ನೂ ನೋಡದೇ ಇದ್ದದ್ದು ಇತ್ತು.

ಇನ್ನು ದೂರುಗಳಿಗೆ ಬರೋಣ. ಹಳೇ ಸಿನಿಮಾ ಅಂದ ಕೂಡಲೇ ಬರುವ ಮೊದಲ ದೂರು, ಆ್ಯಕ್ಟಿಂಗ್ ಜಾಸ್ತಿ ಆಯಿತು ಅಂತ. ಯಾಕೆ ಹಂಗ ಒದರತಾರ ಅಂತ ಕೇಳುತ್ತಾರೆ.

1954ರ ‘ಬೇಡರ ಕಣ್ಣಪ್ಪ’ ತೆಗೆದುಕೊಳ್ಳಿ. ರಾಜ್‌ಕುಮಾರ್ ನಾಯಕನಾದ ಮೊದಲ ಚಿತ್ರ. ಎಚ್.ಎಲ್.ಎನ್. ಸಿಂಹ ನಿರ್ದೇಶನ. ರಾಜ್‌ಕುಮಾರ್ ಬಂದಿದ್ದು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಿಂದ. ಆ ಕಥೆಯೂ ನಾಟಕವಾಗಿ ಆಡಿದ್ದೇ. ಮೈಕ್ ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವನಿಗೂ ಮಾತು ಮುಟ್ಟಬೇಕು, ಮುಖದ ಭಾವ ಕಾಣಬೇಕು ಅಂತ ಪಳಗಿದ ದೇಹಗಳು ಅವು. ಕ್ಯಾಮೆರಾ ಬಂದ ಮಾತ್ರಕ್ಕೆ ಆ ದೇಹ ಒಂದೇ ದಿನದಲ್ಲಿ ಬದಲಾಗುವುದಿಲ್ಲ. ಬೆಂಗಳೂರಿನ ಹುಡುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಬಹುದು. ನಿಮಗೆ ಬೇಕಿಲ್ಲ. ನಮ್ಮ ಕಡೆ ಜಾತ್ರೆಯಲ್ಲಿ ಈಗಲೂ ಕಂಪನಿ ನಾಟಕದ ಟೆಂಟು ಏಳುತ್ತದೆ. ನಡುರಾತ್ರಿವರೆಗೆ ಕೂತು ಅಲ್ಲಿನ ಮಾತಿಗೆ ಚಪ್ಪಾಳೆ ಹೊಡೆದು ಬಂದವರು ನೀವು. ಅಲ್ಲಿ ಜಾಸ್ತಿ ಅನ್ನಿಸದ್ದು ಇಲ್ಲಿ ಯಾಕೆ ಜಾಸ್ತಿ ಅನ್ನಿಸಬೇಕು? ನಾಟಕಕ್ಕೆ ಕೂತ ಮನಸ್ಸಿನಲ್ಲೇ ಮೊದಲ ಅರ್ಧ ಗಂಟೆ ನೋಡಿ. ಕಣ್ಣಪ್ಪ ಶಿವನ ಮುಂದೆ ನಿಂತು ಹಾಡುವ ಹೊತ್ತಿಗೆ ಆ ದೊಡ್ಡ ದನಿಯೇ ಸರಿಯಾದ ದನಿ ಅನ್ನಿಸುತ್ತದೆ.

ಎರಡನೇ ದೂರು, ಸ್ಲೋ. ಇದರ ಬಗ್ಗೆ ಸ್ವಲ್ಪ ಹೊತ್ತು ಮಾತಾಡಬೇಕು.

ಜಪಾನಿನ ನಿರ್ದೇಶಕ ಕುರೊಸಾವಾ ಅವರ ‘ರಾಶೊಮನ್’ ಚಿತ್ರ 1950ರದ್ದು. ಒಂದೂವರೆ ಗಂಟೆಯೂ ಇಲ್ಲ. ಆದರೂ ಸ್ಲೋ ಅನ್ನುತ್ತಾರೆ. ಶುರುವಿನಲ್ಲಿ ಒಬ್ಬ ಕಟ್ಟಿಗೆ ಕಡಿಯುವವನು ಕಾಡಿನೊಳಗೆ ನಡೆಯುತ್ತಾನೆ. ಮಾತೇ ಇಲ್ಲ. ಅವನ ಹೆಗಲ ಮೇಲಿನ ಕೊಡಲಿ, ಎಲೆಗಳ ನಡುವೆ ಮಿಂಚುವ ಸೂರ್ಯ, ಮತ್ತೆ ಅವನು, ಮತ್ತೆ ಸೂರ್ಯ. ಆಗ ಸೂರ್ಯನ ಕಡೆಗೇ ನೇರವಾಗಿ ಕ್ಯಾಮೆರಾ ಹಿಡಿಯಲು ಹೆದರುತ್ತಿದ್ದರು. ಛಾಯಾಗ್ರಾಹಕ ಮಿಯಾಗಾವಾ ಹಿಡಿದರು. ಆ ನಡಿಗೆ ಅಷ್ಟು ಉದ್ದ ಯಾಕೆ? ನಿಮಗೆ ಸೆಕೆ ಆಗಲಿ ಅಂತ. ನೀವೂ ಬೆವರಬೇಕು ಅಂತ.

ಯಾಕೆಂದರೆ ಮುಂದೆ ಒಂದು ಮಾತು ಬರುತ್ತದೆ. ಕೊಲೆ ಆರೋಪದ ದರೋಡೆಕೋರ ವಿಚಾರಣೆಯಲ್ಲಿ ಕೂತು ಹೇಳುತ್ತಾನೆ. ಮಧ್ಯಾಹ್ನ, ಸುಡು ಬಿಸಿಲು, ಅವನು ಮರದ ಕೆಳಗೆ ಒರಗಿ ತೂಕಡಿಸುತ್ತಿದ್ದ. ಗಂಡ ಹೆಂಡತಿ ಆ ದಾರಿಯಲ್ಲಿ ಬಂದರು. ಅವನು ಕಣ್ಣು ಮುಚ್ಚಿ ಸುಮ್ನೆ ಇದ್ದುಬಿಡುತ್ತಿದ್ದ. ಅಷ್ಟರಲ್ಲಿ ಒಂದು ತಣ್ಣನೆ ಗಾಳಿ ಬೀಸಿತು. ಹೆಂಗಸಿನ ಮುಖದ ಮೇಲಿನ ಪರದೆ ಸರಿಯಿತು. ಆ ಗಾಳಿ ಬೀಸದೇ ಇದ್ದಿದ್ದರೆ ಆ ಗಂಡ ಸಾಯುತ್ತಿರಲಿಲ್ಲ ಅನ್ನುತ್ತಾನೆ ಅವನು. ಮೇ ತಿಂಗಳಲ್ಲಿ ಮಧ್ಯಾಹ್ನ ಮೂರು ಗಂಟೆಗೆ ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆ ಕಡೆ ನಡೆದು ಹೋದವರಿಗೆ ಆ ಗಾಳಿಯ ಅರ್ಥ ಗೊತ್ತು. ತಂಪು ದೇಶದ ಪ್ರೇಕ್ಷಕರಿಗಿಂತ ಕಲಬುರಗಿಯ ಪ್ರೇಕ್ಷಕರಿಗೆ ಅದು ಬೇಗ ಮುಟ್ಟುತ್ತದೆ ಅಂತ ನಾನು ನಿಜವಾಗಿಯೂ ನಂಬಿದ್ದೇನೆ. ಆದರೆ ಮೊದಲಿನ ಆ ನಡಿಗೆಯನ್ನು ಓಡಿಸಿ ನೋಡಿದವರಿಗೆ ಆ ಗಾಳಿ ತಾಗುವುದಿಲ್ಲ. ಸ್ಲೋ ಅನ್ನುವ ಭಾಗದಲ್ಲೇ ಸಿನಿಮಾ ನಮ್ಮನ್ನು ತಯಾರು ಮಾಡುತ್ತಿರುತ್ತದೆ.

ಅದೇ ಚಿತ್ರದಲ್ಲಿ ಮಳೆಯೂ ಇದೆ. ಹಾಳು ಹೆಬ್ಬಾಗಿಲಿನ ಕೆಳಗೆ ಮೂವರು ನಿಂತಿರುತ್ತಾರೆ. ಮಳೆ ಹಗುರಾಗಿ ಕಾಣಬಾರದು ಅಂತ ನೀರಿಗೆ ಕಪ್ಪು ಶಾಯಿ ಬೆರೆಸಿ ಸುರಿಸಿದರು. ಕಪ್ಪು ಬಿಳುಪು ಅಂದರೆ ಬಣ್ಣ ಇಲ್ಲದ್ದು ಅಂತ ಅಂದುಕೊಂಡವರು ಆ ಮಳೆಯನ್ನೊಮ್ಮೆ ನೋಡಬೇಕು.

ಈಗ ಇಟಲಿಯ ನಿರ್ದೇಶಕ ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’. 1948. ಯುದ್ಧ ಮುಗಿದ ಮೇಲಿನ ರೋಮ್. ಒಬ್ಬನಿಗೆ ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತದೆ. ಸೈಕಲ್ ಇದ್ದರೆ ಮಾತ್ರ ಕೆಲಸ. ಸೈಕಲ್ ಗಿರವಿ ಅಂಗಡಿಯಲ್ಲಿದೆ. ಹೆಂಡತಿ ಒಂದು ಮಾತೂ ಹೆಚ್ಚು ಆಡದೆ ಹಾಸಿಗೆಯ ಮೇಲಿನ ಚಾದರಗಳನ್ನು ಕಿತ್ತು ಒಗೆದು ಗಂಟು ಕಟ್ಟುತ್ತಾಳೆ. ಅವುಗಳನ್ನು ಅಡವಿಟ್ಟು ಸೈಕಲ್ ಬಿಡಿಸಿಕೊಳ್ಳುತ್ತಾರೆ.

ಇಲ್ಲಿ ಒಂದು ಶಾಟ್ ಇದೆ. ಅಂಗಡಿಯವನು ಆ ಚಾದರದ ಗಂಟನ್ನು ಎತ್ತಿಕೊಂಡು ಒಳಗೆ ಇಡಲು ಹೋಗುತ್ತಾನೆ. ಕ್ಯಾಮೆರಾ ಅವನನ್ನು ನೋಡುತ್ತದೆ. ಅವನು ಏಣಿಯ ಹಾಗಿರುವ ಕಪಾಟನ್ನು ಹತ್ತುತ್ತಾನೆ. ಇನ್ನೂ ಹತ್ತುತ್ತಾನೆ. ಛಾವಣಿಯವರೆಗೆ ಬರೀ ಗಂಟುಗಳೇ. ಊರಿಗೆ ಊರೇ ಹಾಸಿಗೆ ಮೇಲಿನ ಬಟ್ಟೆ ಅಡವಿಟ್ಟಿದೆ. ಯಾರೂ ಭಾಷಣ ಮಾಡುವುದಿಲ್ಲ, ಹಿನ್ನೆಲೆಯಲ್ಲಿ ಯಾರೂ ಬಡತನದ ಬಗ್ಗೆ ಹೇಳುವುದಿಲ್ಲ. ಕೆಲವು ಸೆಕೆಂಡು ಅಷ್ಟೇ. ಮೊಬೈಲ್ ನೋಡಲು ತಲೆ ಬಗ್ಗಿಸಿದರೆ ಅದು ಹೋಯಿತು.

ನಾವು ಇಲ್ಲಿ ಇದನ್ನು ಪ್ರದರ್ಶನಕ್ಕೆ ಹಾಕಿದ ದಿನ ಊಟ ಡೆಲಿವರಿ ಮಾಡುವ ಹುಡುಗನೊಬ್ಬ ಗೆಳೆಯನ ಜೊತೆ ಬಂದಿದ್ದ. ಹಳೇ ಸಿನಿಮಾ ನೋಡಿ ಅಭ್ಯಾಸವಿಲ್ಲ ಅಂದಿದ್ದ. ಮುಗಿದ ಮೇಲೆ, "ಗಾಡಿ ಕಂತು ತುಂಬಲಿಲ್ಲಂದ್ರ ನಮ್ದೂ ಇದೇ ಕಥಿ ಸರ್" ಅಂದ. ನಾನು ಸಿನಿಮಾಕ್ಕೆ ಮುಂಚೆ ಇಟಲಿಯ ಬಗ್ಗೆ ಏನೇನೋ ಹೇಳಿದ್ದೆ. ಅವನಿಗೆ ಅದರ ಅಗತ್ಯವೇ ಬೀಳಲಿಲ್ಲ. ಸಿನಿಮಾದಲ್ಲಿ ಆ ಸೈಕಲ್‌ನವನ ಪಾತ್ರ ಮಾಡಿದ ಮ್ಯಾಜೊರಾನಿ ಕೂಡ ನಟನಲ್ಲ, ಕಾರ್ಖಾನೆಯ ಕೆಲಸಗಾರ. ಚಿತ್ರ ಮುಗಿದ ಮೇಲೆ ಅವನ ಕಾರ್ಖಾನೆ ಕೆಲಸವೂ ಹೋಯಿತು ಅನ್ನುವುದನ್ನು ಆ ಹುಡುಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಸಿನಿಮಾದಲ್ಲಿ ಸೈಕಲ್ ಕಳುವಾಗುವ ಹೊತ್ತಿಗೆ ನಾಯಕ ಗೋಡೆಗೆ ಅಂಟಿಸುತ್ತಿರುವುದು ಒಂದು ಸಿನಿಮಾ ಪೋಸ್ಟರು. ರೀಟಾ ಹೇವರ್ತ್ ಎನ್ನುವ ಹಾಲಿವುಡ್ ತಾರೆಯ ಪೋಸ್ಟರು. ಇಲ್ಲಿ ವಿಷಯ ಬಿಟ್ಟು ಸ್ವಲ್ಪ ಆಚೆ ಹೋಗುತ್ತೇನೆ, ಯಾಕೆಂದರೆ ಇದು ನಮ್ಮೂರಿಗೆ ಸೇರಿದ ಮಾತು. ಎಸ್.ಎಂ. ಪಂಡಿತ್ ರಂಗಮಂದಿರ ನಿಮಗೆಲ್ಲ ಗೊತ್ತು. ನಾಟಕ ನೋಡಿದ್ದೀರಿ, ಬಹುಮಾನ ತೆಗೆದುಕೊಂಡಿದ್ದೀರಿ. ಪಂಡಿತರು ಯಾರು ಅಂತ ಕೇಳಿದರೆ ಚಿತ್ರಕಲಾವಿದರು ಅನ್ನುತ್ತೀರಿ. ಸರಿ. 1916ರಲ್ಲಿ ಇದೇ ಕಲಬುರಗಿಯಲ್ಲಿ ಹುಟ್ಟಿದವರು. ಬೊಂಬಾಯಿಗೆ ಹೋಗಿ ಸಿನಿಮಾ ಪೋಸ್ಟರ್ ಬರೆದರು, ‘ಫಿಲ್ಮ್‌ಇಂಡಿಯಾ’ ಪತ್ರಿಕೆಗೆ ಮುಖಪುಟ ಬರೆದರು. ಟಾಕೀಸಿನ ಮುಂದೆ ನಿಂತು ಒಳಗೆ ಹೋಗಲೋ ಬೇಡವೋ ಅಂತ ಯೋಚಿಸುವವನನ್ನು ಒಳಗೆ ಕಳಿಸುತ್ತಿದ್ದದ್ದು ಆ ಚಿತ್ರಗಳೇ. ಟ್ರೈಲರನ್ನು ಮನೆಯಲ್ಲೇ ನೋಡುವ ಕಾಲ ಅಲ್ಲ ಅದು. ಹಳೇ ಸಿನಿಮಾ ನೋಡುವ ಮೊದಲು ಅದರ ಹಳೇ ಪೋಸ್ಟರ್ ಒಂದನ್ನು ನೋಡಿಕೊಳ್ಳಿ ಅನ್ನುವುದು ನನ್ನ ಸಲಹೆ. ವಿಮರ್ಶೆ ಓದಬೇಡಿ, ಕಥೆ ಓದಬೇಡಿ. ಪೋಸ್ಟರ್ ಸಾಕು. ಅಂದಿನ ಪ್ರೇಕ್ಷಕನಿಗೆ ಅಷ್ಟೇ ಗೊತ್ತಿತ್ತು.

ಭಾಷೆಯ ವಿಷಯ. ಬೇರೆ ಭಾಷೆ ಸಿನಿಮಾ ಅಂದರೆ ಹಿಂಜರಿಯುವವರಿದ್ದಾರೆ. ಈ ಹಿಂಜರಿಕೆ ನಮ್ಮ ಕಡೆಯವರಿಗೆ ಒಪ್ಪುವುದಿಲ್ಲ ನೋಡ್ರಿ. 1956ರವರೆಗೆ ಹೈದರಾಬಾದಿಗೆ ಸೇರಿದ್ದ ಜಿಲ್ಲೆಗಳು ನಮ್ಮವು. ಬೀದರಿನವರು ಮರಾಠಿ ಕೇಳಿ ಬೆಳೆದಿರುತ್ತಾರೆ, ಯಾದಗಿರಿ ಗಡಿಯವರು ತೆಲುಗು ಕೇಳಿ ಬೆಳೆದಿರುತ್ತಾರೆ, ದಖನಿ ಉರ್ದು ಎಲ್ಲರ ಕಿವಿಗೂ ಬಿದ್ದಿರುತ್ತದೆ. ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ತೊಗರಿ ಮಾರಲು ಹೋದವನು ಬೆಳಗಿನಿಂದ ಸಂಜೆಯೊಳಗೆ ಮೂರು ಭಾಷೆ ಆಡಿ ಬರುತ್ತಾನೆ. ಇಂಥ ಕಿವಿ ಇಟ್ಟುಕೊಂಡು ಸಬ್‌ಟೈಟಲ್‌ಗೆ ಹೆದರುವುದೇ?

ಶ್ಯಾಮ್ ಬೆನೆಗಲ್ ಅವರ ‘ಅಂಕುರ್’ ನೋಡಿ. 1974. ಸಿಕಂದರಾಬಾದಿನಲ್ಲಿ ಹುಟ್ಟಿ ಬೆಳೆದ ಬೆನೆಗಲ್ ಅವರ ಮೊದಲ ಕಥಾಚಿತ್ರ. ಶಬಾನಾ ಆಜ್ಮಿ ಅವರ ಮೊದಲ ಚಿತ್ರ, ನಮ್ಮ ಅನಂತ್ ನಾಗ್ ಅವರ ಮೊದಲ ಹಿಂದಿ ಚಿತ್ರ. ಹಿಂದಿ ಅಂತ ಹೇಳುತ್ತಾರೆ, ಆದರೆ ಅದರ ಮಾತು ನಮ್ಮ ಮಾತು. ಬೊಂಬಾಯಿ ಸಿನಿಮಾದ ಹಿಂದಿ ಅದಲ್ಲ. ಈ ಊರಿನ ಓಣಿಗಳಲ್ಲಿ ಆಡುವ ದಖನಿಯೇ ಅದರಲ್ಲಿ ಕೇಳಿಸುತ್ತದೆ. ಇದನ್ನು ಹಾಕಿದಾಗ ವಯಸ್ಸಾದ ಅಮ್ಮ ಒಬ್ಬರು ಹಿಂದಿನ ಸಾಲಿನಲ್ಲಿ ಕೂತಿದ್ದರು. ಶಬಾನಾ ಬಾಯಿ ತೆರೆದು ಎರಡು ಮಾತಾಡಿದ್ದೇ ತಡ, ಪಕ್ಕದವರಿಗೆ ಕೇಳುವ ಹಾಗೆ, "ಈಕಿ ನಮ್ಮ ಕಡೀಯಾಕಿ" ಅಂದರು. ಅಲ್ಲಿಂದ ಮುಂದೆ ಅವರು ಸಿನಿಮಾ ನೋಡಲಿಲ್ಲ, ಆ ಹೆಣ್ಣುಮಗಳ ಪರವಾಗಿ ಜಗಳಕ್ಕೆ ನಿಂತರು.

ಪಟ್ಟಣದಲ್ಲಿ ಓದಿದ ಜಮೀನ್ದಾರನ ಮಗ ಹಳ್ಳಿಗೆ ಬರುತ್ತಾನೆ. ಕೆಲಸದ ಹೆಣ್ಣುಮಗಳು ಕುಂಬಾರ ಜಾತಿಯವಳು. ಅವಳ ಕೈಯಿಂದಲೇ ಚಹಾ ಮಾಡಿಸಿಕೊಂಡು ಕುಡಿಯುತ್ತಾನೆ. ಜಾತಿ ಗೀತಿ ನನಗಿಲ್ಲ ಅನ್ನುತ್ತಾನೆ. ನಮಗೂ ಅವನು ಇಷ್ಟವಾಗುತ್ತಾನೆ, ಅನಂತ್ ನಾಗ್ ಮುಖವೇ ಹಾಗಿದೆ ಅಲ್ವಾ. ಆ ಚಹಾದ ಕಪ್ಪಿನಿಂದ ಶುರುವಾದ ಉದಾರತೆ ಎಲ್ಲಿಗೆ ಬಂದು ನಿಲ್ಲುತ್ತದೆ ಅನ್ನುವುದೇ ಸಿನಿಮಾ. ಕೊನೆ ಹೇಳುವುದಿಲ್ಲ. ಅದರ ಮರುವರ್ಷದ ‘ನಿಶಾಂತ್’ ಕೂಡ ನೋಡಿ. 1945ರ ಹೊತ್ತಿನ ಜಮೀನ್ದಾರಿ ದಬ್ಬಾಳಿಕೆಯ ಕಥೆ. ನಿಜಾಮರ ಕಾಲ ಕಂಡವರು ಮನೆಯಲ್ಲಿದ್ದರೆ ಅವರಿಗೆ ಪಾತ್ರಗಳ ಪರಿಚಯ ಮಾಡಿಕೊಡುವ ಕೆಲಸವೇ ಇಲ್ಲ.

ಕನ್ನಡದ್ದು ಯಾವುದು ಮೊದಲು ನೋಡಬೇಕು ಅಂತ ಕೇಳುತ್ತೀರಿ. ‘ಸಂಸ್ಕಾರ’ ಅಂತ ಎಲ್ಲರೂ ಹೇಳುತ್ತಾರೆ. 1970ರ ಆ ಚಿತ್ರದಿಂದಲೇ ಕನ್ನಡದಲ್ಲಿ ಹೊಸ ಅಲೆ ಎದ್ದಿತು, ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯಾದ ಸ್ವರ್ಣಕಮಲವೂ ಬಂತು, ನಿಜ. ಆದರೆ ನನ್ನನ್ನು ಕೇಳಿದರೆ ಗಿರೀಶ್ ಕಾಸರವಳ್ಳಿ ಅವರ ‘ತಬರನ ಕಥೆ’ಯಿಂದ ಶುರು ಮಾಡಿ. 1986. ತೇಜಸ್ವಿ ಅವರ ಕಥೆ. ಜೀವನವಿಡೀ ಸರ್ಕಾರಿ ಜವಾನನಾಗಿ ದುಡಿದವನು ತನ್ನ ಪೆನ್ಷನ್‌ಗಾಗಿ ಅಲೆಯುತ್ತಾನೆ. ಮನೆಯಲ್ಲಿ ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಮಾಯುತ್ತಿಲ್ಲ. ಚಾರುಹಾಸನ್ ಟೇಬಲಿನ ಮುಂದೆ ನಿಲ್ಲುವ ರೀತಿ ನೋಡಿ. ಬೆನ್ನು ಎಷ್ಟು ಬಗ್ಗಬೇಕು ಅನ್ನುವ ಲೆಕ್ಕ ಅವರ ದೇಹಕ್ಕೇ ಗೊತ್ತಿದೆ. ಆ ವರ್ಷದ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಅವರಿಗೆ ಬಂತು. ಯಾವುದಾದರೂ ಕಚೇರಿಗೆ ಒಂದು ಕಾಗದಕ್ಕಾಗಿ ಎರಡು ಸಲ ಹೋಗಿಬಂದವರಿಗೆ ಈ ಸಿನಿಮಾ ಕಲಾತ್ಮಕ ಅಂತ ಅನ್ನಿಸುವುದೇ ಇಲ್ಲ. ತಮ್ಮದೇ ಕಥೆ ಅನ್ನಿಸುತ್ತದೆ.

ಆಮೇಲೆ ಕಾಸರವಳ್ಳಿ ಅವರ ಮೊದಲ ಚಿತ್ರ ‘ಘಟಶ್ರಾದ್ಧ’ಕ್ಕೆ ಬನ್ನಿ. 1977. ವೇದ ಕಲಿಯಲು ಬಂದ ಪುಟ್ಟ ಹುಡುಗ ನಾಣಿ, ಆ ಮನೆಯ ವಿಧವೆ ಮಗಳು ಯಮುನಕ್ಕ. ದೊಡ್ಡವರು ಆಕೆಗೆ ಏನು ಮಾಡುತ್ತಿದ್ದಾರೆ ಅನ್ನುವುದು ಹುಡುಗನಿಗೆ ಅರ್ಧ ಅರ್ಥವಾಗುತ್ತದೆ, ಅರ್ಧ ಆಗುವುದಿಲ್ಲ. ನಾವು ಎಲ್ಲವನ್ನೂ ಅವನ ಎತ್ತರದಿಂದಲೇ ನೋಡುತ್ತೇವೆ. ಇದರ ಪ್ರತಿಯನ್ನು ಹೊಸದಾಗಿ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಇದು ಸಣ್ಣ ವಿಷಯ ಅಲ್ಲ. ಮಸುಕಾದ, ಸದ್ದು ಒಡೆದ ಪ್ರತಿ ನೋಡಿ ಸಿನಿಮಾ ಚೆನ್ನಾಗಿಲ್ಲ ಅಂದುಬಿಡುತ್ತೇವೆ. ತಪ್ಪು ಸಿನಿಮಾದ್ದಲ್ಲ, ಪ್ರತಿಯದ್ದು. ಸತ್ಯಜಿತ್ ರೇ ಅವರ ‘ಪಥೇರ್ ಪಾಂಚಾಲಿ’ಯ ನೆಗೆಟಿವ್ 1993ರಲ್ಲಿ ಲಂಡನ್ನಿನ ಲ್ಯಾಬೊಂದರ ಬೆಂಕಿಯಲ್ಲಿ ಸುಟ್ಟಿತ್ತು. ಸುಟ್ಟು ಉಳಿದದ್ದನ್ನು ಒಂದೊಂದು ಫ್ರೇಮಿನಂತೆ ಸರಿಪಡಿಸಿ 2015ರಲ್ಲಿ ಮತ್ತೆ ತೆರೆಗೆ ತಂದರು. ಆ ಪ್ರತಿ ಸಿಗುವಾಗ ಯಾರೋ ಟಿವಿಯಿಂದ ರೆಕಾರ್ಡ್ ಮಾಡಿದ್ದನ್ನು ಯಾಕೆ ನೋಡಬೇಕು? ಮೊದಲ ಸಲ ಒಂದೇ ಸಲ ಸಿಗುವುದು. ಒಳ್ಳೆಯ ಪ್ರತಿಗಾಗಿ ನಾಲ್ಕು ತಿಂಗಳು ಕಾಯಬೇಕಾದರೂ ಕಾಯಿರಿ.

ಕಾದರೂ ಸಿಗದವು ಇವೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಬಂತು. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ ನಟಿಸಿದ್ದರು. ಚಿತ್ರೀಕರಣ ಕೊಲ್ಹಾಪುರದಲ್ಲಿ. ಇವತ್ತು ಅದರ ಒಂದು ಪ್ರತಿಯೂ ಉಳಿದಿಲ್ಲ. ಇಲ್ಲಿರುವ ಯಾರಿಗೂ ಅದನ್ನು ಮೊದಲ ಸಲ ನೋಡುವ ಭಾಗ್ಯ ಇಲ್ಲ, ನಿಮ್ಮ ಮಕ್ಕಳಿಗೂ ಇಲ್ಲ. ನನಗೆ ಇದನ್ನು ಹೇಳುವಾಗ ಪ್ರತಿ ಸಲವೂ ಸಂಕಟವಾಗುತ್ತದೆ.

ಕಲ್ಟ್ ಸಿನಿಮಾಗಳ ಬಗ್ಗೆ ಕೇಳಿದ್ದರು. ಅವುಗಳ ದಾರಿಯೇ ಬೇರೆ. ಅವನ್ನು ದೊಡ್ಡದು ಮಾಡಿದ್ದು ಪ್ರಶಸ್ತಿಗಳಲ್ಲ, ಮತ್ತೆ ಮತ್ತೆ ನೋಡಿದ ಜನ. ‘ಅಂದಾಜ್ ಅಪ್ನಾ ಅಪ್ನಾ’ 1994ರಲ್ಲಿ ಬಂದಾಗ ಓಡಲಿಲ್ಲ. ಆಮೇಲೆ ಟಿವಿಯಲ್ಲಿ ನೋಡಿದವರು ಅದನ್ನು ಎತ್ತಿ ನಿಲ್ಲಿಸಿದರು. ಉಪೇಂದ್ರ ಅವರ ‘ಓಂ’ 1995ರದ್ದು, ಎಷ್ಟು ಸಲ ಮರುಬಿಡುಗಡೆ ಆದರೂ ಟಾಕೀಸಿನ ಮುಂದೆ ಹುಡುಗರು ನಿಲ್ಲುತ್ತಾರೆ. ಅವರದೇ ‘ಎ’ ಚಿತ್ರ 1998ರಲ್ಲಿ ಕಥೆಯನ್ನು ಹಿಂದುಮುಂದಾಗಿ ಹೇಳಿ ಜನರನ್ನು ಮತ್ತೊಮ್ಮೆ ಟಿಕೆಟ್ ತೆಗೆಸಿತು. ಇವನ್ನು ಮಾತ್ರ ಒಬ್ಬರೇ ನೋಡಬೇಡಿ. ಹತ್ತು ಸಲ ನೋಡಿದವನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವನು ಮುಂಚೆಯೇ ನಗುತ್ತಾನೆ, ಡೈಲಾಗ್ ಮುಂಚೆಯೇ ಹೇಳುತ್ತಾನೆ. ಬೇರೆ ಸಿನಿಮಾದಲ್ಲಿ ಅದು ಕಿರಿಕಿರಿ, ಇಲ್ಲಿ ಅದೂ ಸಿನಿಮಾದ ಭಾಗ.

ಇಷ್ಟವಾಗದಿದ್ದರೆ? ಆಗದಿದ್ದರೆ ಆಗಲಿಲ್ಲ ಅನ್ನಿ. ಹಳೇ ಚಿತ್ರಗಳಲ್ಲಿ ಗಂಡ ಹೊಡೆದರೂ ಹೆಂಡತಿ ಕಾಲಿಗೆ ಬೀಳುವುದನ್ನು ದೊಡ್ಡ ಗುಣವಾಗಿ ತೋರಿಸಿದ್ದಾರೆ. ಬಣ್ಣ, ಜಾತಿ, ದೇಹದ ಊನ ಇಟ್ಟುಕೊಂಡು ನಗಿಸಿದ್ದಾರೆ. ನಮ್ಮ ಹೆಣ್ಣುಮಕ್ಕಳು ಇಂಥ ದೃಶ್ಯ ಬಂದಾಗ ಎದ್ದು ಹೋದದ್ದಿದೆ. ಅವರು ಮಾಡಿದ್ದು ಸರಿ. ಆ ಕಾಲ ಹಾಗಿತ್ತು ಅಂತ ಹೇಳಿ ಅವರ ಬಾಯಿ ಮುಚ್ಚಿಸುವುದು ಬೇಡ. ಆ ಕಾಲದಲ್ಲೇ ಹಾಗೆ ಮಾಡದ ಚಿತ್ರಗಳೂ ಬಂದಿವೆ, ಈಗಷ್ಟೇ ಹೆಸರಿಸಿದೆನಲ್ಲ. ನೋಡಿದ ಮೇಲೆ ಜಗಳವಾಡಿ. ನೋಡದೇ ಹೊಗಳುವವರಿಗಿಂತ ನೋಡಿ ಬೈಯುವವರು ನನಗೆ ಬೇಕು.

ಕೊನೆಯದಾಗಿ ಒಂದು ಕೆಲಸ ಒಪ್ಪಿಸುತ್ತೇನೆ. ಈ ವಾರ ನಿಮ್ಮ ಮನೆಯ ಅಜ್ಜಿಯನ್ನೋ ಕಾಕಾನನ್ನೋ ಕೂರಿಸಿಕೊಂಡು ಒಂದು ಹಳೇ ಪಿಕ್ಚರ್ ಹಾಕಿ. ಯಾವುದು ಅಂತ ಅವರೇ ಆರಿಸಲಿ. ಅವರು ಅದನ್ನು ಮೊದಲ ಸಲ ಎಲ್ಲಿ ನೋಡಿದರು, ಯಾವ ಟಾಕೀಸು, ಟಿಕೆಟ್ ಎಷ್ಟು, ಯಾರ ಜೊತೆ ಹೋಗಿದ್ದರು, ಹಳ್ಳಿಯಿಂದ ಬಂದಿದ್ದರೆ ಚಕ್ಕಡಿಯಲ್ಲೋ ಬಸ್ಸಿನಲ್ಲೋ, ಹೆಂಗಸರಿಗೆ ಬೇರೆ ಜಾಗ ಇತ್ತೋ ಇಲ್ಲವೋ, ಎಲ್ಲ ಕೇಳಿ ಬರೆದುಕೊಳ್ಳಿ. ಹೆಸರು, ವರ್ಷ ನೆನಪಿದ್ದರೆ ಅದನ್ನೂ. ನಮ್ಮ ಮೂರು ಜಿಲ್ಲೆಗಳಲ್ಲಿ ಮುಚ್ಚಿಹೋದ ಟಾಕೀಸುಗಳ ವಿಷಯ ಈಗ ಜಾಸ್ತಿ ಉಳಿದಿರುವುದು ಇವರ ತಲೆಯಲ್ಲೇ. ಬರೆದ ಕಾಗದಗಳನ್ನು ‘ಘಟಶ್ರಾದ್ಧ’ ಹಾಕುವ ದಿನ ತನ್ನಿ, ಸಿನಿಮಾಕ್ಕೆ ಮೊದಲು ಒಬ್ಬೊಬ್ಬರಾಗಿ ಓದೋಣ.